ಹೊಸಿಲಿಲ್ಲದ ಬಾಗಿಲು

ನನ್ನ ಮುದ್ದು ತಾತಾ,

ನಿನ್ನ ಬುಜ್ಜಿಗೆ ಮದುವೆ ಆಯಿತು! ಈ ಮಾತನ್ನು ನಿನ್ನ ಎಡಗಿವಿಯ ಹತ್ತಿರ ಬಂದು ಕೂಗಿ ಹೇಳಬೇಕಿತ್ತು. ಬಲಗಿವಿ ನಿನಗೆ ಕೇಳಿಸುತ್ತಿರಲಿಲ್ಲವಲ್ಲ. ನೀನು ಬೇಕಂತಲೇ "ಯಾರ್ಗೆ ಮದ್ವೆ?" ಅಂತ ಕೇಳುತ್ತಿದ್ದೆ, ನಾನು ಮತ್ತೆ ಕೂಗುತ್ತಿದ್ದೆ, ಊರಿಗಾಂನ ನಮ್ಮ ಗಣಿ ಕೆಲಸದವರ ಲೈನು ಮನೆಗಳಿಗೆಲ್ಲ ಸುದ್ದಿ ಮುಟ್ಟುತ್ತಿತ್ತು. ಸೀರೆ ಯಾವ ಬಣ್ಣ, ಊಟಕ್ಕೆ ಏನೇನಿತ್ತು, ಎಲ್ಲ ಪುಟಗಟ್ಟಲೆ ಬರೆಯುವುದಿದೆ. ಅದು ಇನ್ನೊಂದು ದಿನ. ಇವತ್ತು ನನಗೆ ಹೆದರಿಕೆಯಾಗಿದೆ ತಾತಾ. ನನ್ನ ಗಂಡ ನವೀನನ ಎಡ ಕಿಡ್ನಿಯಲ್ಲಿ ಒಂದು ಗಡ್ಡೆ ಇತ್ತು. ಆ ಭಾಗವನ್ನಷ್ಟೇ ಕತ್ತರಿಸಿ ತೆಗೆದಿದ್ದಾರೆ, ಅದೂ ರೋಬೋಟ್ ಇಟ್ಟುಕೊಂಡು! ತೆಗೆದದ್ದು ಲ್ಯಾಬಿಗೆ ಹೋಗಿದೆ. ಅದು ಏನು, ಪೂರ್ತಿ ಬಂದಿದೆಯಾ ಇಲ್ಲವಾ ಅಂತ ಡಾಕ್ಟರ್ ಇವತ್ತು ಫೋನ್ ಮಾಡಿ ಹೇಳುತ್ತಾರೆ. ಫೋನು ಪಕ್ಕದಲ್ಲೇ ಇದೆ. ಅದನ್ನೇ ನೋಡುತ್ತ ಕೂತರೆ ತಲೆ ಕೆಡುತ್ತದೆ ಅಂತ ನಿನ್ನ ಜೊತೆ ಮಾತಾಡಲು ಕೂತೆ.

ನವೀನ ಹೆಣ್ಣು ನೋಡಲು ಬಂದ ದಿನ ಬೇರೆ ಕುರ್ಚಿಗಳನ್ನೆಲ್ಲ ಬಿಟ್ಟು ನಿನ್ನ ಮರದ ಕುರ್ಚಿಯಲ್ಲೇ ಕೂತ. ಅಮ್ಮನ ಮುಖ ಸಣ್ಣಗಾಯಿತು. ನೀನು ಹೋದಮೇಲೆ ಅದರಲ್ಲಿ ಯಾರೂ ಕೂತಿರಲಿಲ್ಲ. ಕಾಮಸಮುದ್ರದ ಕಡೆಯ ಹುಡುಗ, ಮನೆ ತುಂಬ ಸೀಮೆಹಸುಗಳು, ಊರಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸ. ಯಾವುದು ಯಾರ ಕುರ್ಚಿ ಅಂತ ಅವನಿಗೇನು ಗೊತ್ತು? ಗೋಡೆಯ ಮೇಲೆ ನಿನ್ನ ಫೋಟೋ ನೋಡಿ, "ಇವ್ರೇನು ರೈಲು ಓಡುಸ್ತಿದ್ರಾ?" ಅಂತ ಕೇಳಿದ. ಎರಡು ಕೈಯಲ್ಲಿ ಎರಡು ಲಿವರ್ ಹಿಡಿದು ಕೂತಿದ್ದೀಯಲ್ಲ, ಆ ಫೋಟೋ. ಬಜ್ಜಿ ತಟ್ಟೆಯನ್ನು ಕೈಯಲ್ಲೇ ಹಿಡಿದುಕೊಂಡು ಶುರುಮಾಡಿದೆ ನೋಡು! ನಮ್ಮ ತಾತ ಮೈಸೂರು ಮೈನ್ಸಿನಲ್ಲಿ ವೈಂಡಿಂಗ್ ಡ್ರೈವರ್, ಆಳುಗಳನ್ನು ಗಣಿಯೊಳಗೆ ಇಳಿಸಿ ಹತ್ತಿಸುವ ಪಂಜರದ ಹಗ್ಗ ಅವರ ಕೈಯಲ್ಲಿತ್ತು. ಗಣಿಯ ಬಾವಿ ಒಂದು ಕಡೆ, ಎಂಜಿನ್ ಮನೆ ಇನ್ನೊಂದು ಕಡೆ, ಪಂಜರ ಅವರ ಕಣ್ಣಿಗೇ ಬೀಳುವುದಿಲ್ಲ. ಗಂಟೆ ಕೇಳಿ, ಎದುರಿಗೆ ಆಳ ತೋರಿಸುವ ಮುಳ್ಳು ನೋಡಿ ನಡೆಸಬೇಕು. ಎರಡು ಗಂಟೆ ಬಡಿದರೆ ಇಳಿಸು, ಮೂರು ಬಡಿದರೆ ಒಳಗೆ ಮನುಷ್ಯರಿದ್ದಾರೆ, ಮೆತ್ತಗೆ. ಕೆಳಗಿಳಿಯುವಾಗಲೂ ಮೂರು, ಮೇಲೆ ಬರುವಾಗಲೂ ಮೂರು. ಅದಕ್ಕೇ ನಮ್ಮ ಮನೆಯಲ್ಲಿ ಬಾಗಿಲಿಗೆ ಮೂರು ಸಲ ತಟ್ಟದೆ ಯಾರೂ ಒಳಗೆ ಬರುತ್ತಿರಲಿಲ್ಲ... ಅಮ್ಮ ಕಣ್ಣಲ್ಲೇ ನನ್ನನ್ನು ಸುಡುತ್ತಿದ್ದಳು. ಹೊರಡುವಾಗ ಅವನು ಚಪ್ಪಲಿ ಮೆಟ್ಟಿಕೊಂಡು, ನಮ್ಮ ಬಾಗಿಲ ಚೌಕಟ್ಟಿಗೆ ಟಕ್ ಟಕ್ ಟಕ್ ಅಂತ ಬಡಿದು, ನನ್ನ ಕಡೆ ತಿರುಗಿ ನಕ್ಕ. ಅಷ್ಟೇ ತಾತಾ! ಆಮೇಲೆ ದೊಡ್ಡವರೆಲ್ಲ ಕೂತು ಮಾತಾಡಿದ್ದು ಸುಮ್ಮನೆ.

ಆಷಾಢ ಹುಟ್ಟುವ ಹಿಂದಿನ ದಿನ ಕಾಮಸಮುದ್ರದಿಂದ ಹೊರಟ ಬಸ್ಸಿನಲ್ಲಿ ಕೂತು ನಾನು ಮಗುವಿನ ಹಾಗೆ ಅತ್ತೆ. ಹೊಸ ಸೊಸೆ ಆಷಾಢದಲ್ಲಿ ತವರಿಗೆ ಹೋಗಬೇಕು, ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು, ಗಂಡ ಹೆಂಡತಿ ಒಂದೇ ಮನೆಯಲ್ಲಿ ಇರಬಾರದು. ನಿನಗೆ ಗೊತ್ತಿಲ್ಲದ್ದಾ? ಆ ತಿಂಗಳು ನೀನು ಶಿಫ್ಟು ಮುಗಿಸಿ ಅಜ್ಜಿಯ ತವರಿನ ಬೇಲಿಯ ಹಿಂದೆ ಬಂದು ನಿಲ್ಲುತ್ತಿದ್ದೆಯಂತೆ. ನಮಗೆ ಬೇಲಿಯ ಬದಲು ಫೋನಿತ್ತು. ನಾನು ನರ್ಸರಿ ಮಕ್ಕಳ ಟೀಚರ್ ಅಲ್ಲವಾ, "ಏನ್ ಮೇಡಮ್ಮೋರೇ, ಓಮ್‌ವರ್ಕ್ ನೋಡಿದ್ದಾಯ್ತಾ?" ಅಂತ ದಿನಾ ಕಾಡಿಸುತ್ತಿದ್ದ. ಒಂದು ಸಂಜೆ ಮಾತಿನ ಮಧ್ಯೆ, ಪಕ್ಕೆ ನೋವು ಅಂದ. "ಕಲ್ಲಿರ್ಬೇಕು ಕಣೇ. ಬಾಳೆದಿಂಡು ತಿಂದ್ರೆ ಓಗ್ತದೆ." ಬಂಗಾರಪೇಟೆಯಲ್ಲಿ ಸ್ಕ್ಯಾನ್ ಮಾಡಿಸಿ ರಿಪೋರ್ಟಿನ ಫೋಟೋ ಕಳಿಸಿದ. ಕೆಳಗೆ ಒಂದು ಅಕ್ಷರವನ್ನೂ ಬರೆದಿರಲಿಲ್ಲ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ್ದೇನಲ್ಲ, ಒಂದೊಂದು ಪದವೂ ಅರ್ಥವಾಯಿತು. ಅರ್ಥವಾಗದಿದ್ದರೇ ಚೆನ್ನಾಗಿತ್ತು. ಎಡ ಕಿಡ್ನಿಯಲ್ಲಿ ಗಡ್ಡೆ. ಬಲ ಕಿಡ್ನಿ ಹುಟ್ಟಿನಿಂದಲೇ ಸಣ್ಣದು, ಅದೊಂದನ್ನೇ ನಂಬುವ ಹಾಗಿಲ್ಲ. ಗಡ್ಡೆಯ ಜೊತೆ ಎಡಗಡೆಯದನ್ನು ಪೂರ್ತಿ ತೆಗೆದುಬಿಟ್ಟರೆ ಮುಂದೆ...

ಆಪರೇಷನ್ನಿನ ದಿನ ಗೊತ್ತಾದಾಗ ಅತ್ತೆಗೆ ಫೋನ್ ಮಾಡಿದೆ. ಶ್ರಾವಣದವರೆಗೆ ಕಾಯಬಹುದಾ ಅಂತ ಅವರು ಬೆಂಗಳೂರಿನ ಡಾಕ್ಟರನ್ನು ಕೇಳಿದ್ದರಂತೆ, ತಡ ಮಾಡುವುದು ಬೇಡ ಅಂದರಂತೆ.

"ನಾನೂ ಬರ್ತೀನಿ ಅತ್ತೆ."

"ಆಷಾಡ ಕಣಮ್ಮಾ."

"ಆಸ್ಪತ್ರೆ ಮನೆ ಅಲ್ವಲ್ಲ ಅತ್ತೆ?"

"ಬಾಗ್ಲಿರಾದೆಲ್ಲ ಮನೇನೇ. ಮೊದ್ಲೇ ಅವನ್ಗೆ ಇಂಗಾಗದೆ. ಇದ್ರ ಮ್ಯಾಲೆ ನಾವಿಬ್ರೂ ಒಂದೇ ಒಸ್ಲು ದಾಟಿ ಏನಾನ ಎಚ್ಚುಕಮ್ಮಿ ಆದ್ರೆ? ಕತ್ನಾಗಿರಾದು ನಿನ್ ತಾಳಿ, ನಂದಲ್ಲ."

ನನಗೆ ಕೋಪ ಬರಬೇಕಿತ್ತು, ಬರಲಿಲ್ಲ. ಸೈನ್ಸ್ ಓದಿದವಳು ನಾನು, ಗಡ್ಡೆಗೂ ಹೊಸಿಲಿಗೂ ಏನು ಸಂಬಂಧ ಅಂತ ಯಾರು ಕೇಳಿದರೂ ಜೋರಾಗಿ ವಾದ ಮಾಡುತ್ತೇನೆ. ಆದರೂ ಕುತ್ತಿಗೆಗೆ ಕೈ ಹೋಯಿತು. ಒಂದು ವೇಳೆ? ಈ ಎರಡು ಪದ ಒಮ್ಮೆ ತಲೆಯೊಳಗೆ ಬಂದರೆ ಯಾವ ಸ್ಕೂಲಿನ ಓದು ಅದನ್ನು ಹೊರಗೆ ಹಾಕುತ್ತದೆ, ಹೇಳು?

ಬೆಂಗಳೂರಿಗೆ ಹೊರಟ ದಿನ ಬಂಗಾರಪೇಟೆ ಸ್ಟೇಷನ್ನಿನಲ್ಲಿ ನಡೆದದ್ದನ್ನು ನೀನು ನೋಡಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ನಮ್ಮಮ್ಮನನ್ನು ನಾನು ಸಂಭಾಳಿಸುತ್ತೇನೆ, ನೀನು ರೈಲು ಹತ್ತು ಅಂತ ನವೀನ ಹೇಳಿದ್ದ. ನಾನು ಊರಿಗಾಂನಲ್ಲಿ ಹತ್ತಿದ್ದೆ, ಅವರಿಬ್ಬರೂ ಬಂಗಾರಪೇಟೆಯಲ್ಲಿ ಹತ್ತಬೇಕಿತ್ತು. ಬೋಗಿಯ ಬಾಗಿಲಲ್ಲಿ ನಿಂತು ಅತ್ತೆಯ ಬ್ಯಾಗಿಗೆ ಕೈ ಚಾಚಿದೆ. ಅತ್ತೆ ನನ್ನ ಕೈಯನ್ನೂ ನನ್ನ ಕಾಲಡಿಯನ್ನೂ ನೋಡಿ, ಬ್ಯಾಗು ಎತ್ತಿಕೊಂಡು ಅದೇ ಬೋಗಿಯ ಆಚೆ ಬಾಗಿಲಿಗೆ ಓಡಿದರು!

"ಅಮ್ಮೋ, ರೈಲ್ಗ್ಯಾವ ಒಸ್ಲು?" ನವೀನ ಕೂಗಿದ.

"ಮೆಟ್ಲಿದ್ರೆ ಒಸ್ಲಿದ್ದಂಗೇ. ಬಾಯ್ ಮುಚ್ಕಂಡ್ ಅತ್ಲಾ!"

ಅವನು ಎರಡು ಬಾಗಿಲುಗಳ ಮಧ್ಯೆ ಪ್ಲಾಟ್‌ಫಾರ್ಮಿನಲ್ಲಿ ನಿಂತು ಆ ಕಡೆ ಈ ಕಡೆ ನೋಡಿದ. ಹಿಂದಿನಿಂದ ಜನ ತಳ್ಳುತ್ತಿದ್ದರು. ಯಾರೋ ತಮಿಳಿನಲ್ಲಿ ಬೈದರು. ಕೊನೆಗೆ ನನ್ನ ಬಾಗಿಲಿಂದಲೇ ಹತ್ತಿ, "ನಮ್ಮಮ್ಮನ್ಗೆ ಯೋಳ್ಬ್ಯಾಡ," ಅಂತ ಕಿವಿಯಲ್ಲಿ ಪಿಸುಗುಟ್ಟಿದ. ಅವನ ಅಮ್ಮ ನೋಡುತ್ತಲೇ ಇದ್ದರು. ನಾನು ನಗುತ್ತಿದ್ದೆ ತಾತಾ, ನಿಜವಾಗಿಯೂ. ಆದರೆ ಅವನು ಸೀಟಿನಲ್ಲಿ ಕೂರುವಾಗ ಎಡಪಕ್ಕೆಗೆ ಕೈ ಒತ್ತಿಕೊಂಡ. ನಗು ಎಲ್ಲಿ ಹೋಯಿತೋ!

ಆಸ್ಪತ್ರೆಯಲ್ಲಿ ಡಾಕ್ಟರ್ ಎಲ್ಲವನ್ನೂ ವಿವರಿಸಿ ಹೇಳಿದ ದಿನ ನಾನು ಅವರ ಕೋಣೆಯ ಹೊರಗೆ ನಿಂತಿದ್ದೆ. ಆಸ್ಪತ್ರೆಗೆ ನಾವಿಬ್ಬರೂ ಬೇರೆ ಬೇರೆ ಬಾಗಿಲಿಂದ ಬಂದಿದ್ದೆವು, ಆ ಕೋಣೆಗಿದ್ದದ್ದು ಒಂದೇ ಬಾಗಿಲು, ಅತ್ತೆ ಆಗಲೇ ಒಳಗೆ ಹೋಗಿದ್ದರಲ್ಲ! "ಹೆಂಡತಿ ಯಾಕೆ ಹೊರಗೆ?" ಅಂತ ಡಾಕ್ಟರ್ ಕೇಳಿದರು. "ಆಷಾಡ ಮೇಡಮ್," ಅಂದ ನವೀನ. ಅವರು ನಕ್ಕು, ನನಗೂ ಕೇಳಿಸಲಿ ಅಂತ ದನಿ ಎತ್ತಿ ಮಾತಾಡಿದರು. ಪಕ್ಕೆಯಲ್ಲಿ ಸಣ್ಣ ಸಣ್ಣ ತೂತು ಮಾಡಿ ರೋಬೋಟಿನ ಕೈಗಳನ್ನು ಒಳಗೆ ಬಿಡುತ್ತಾರಂತೆ. ಕಿಡ್ನಿಗೆ ಹೋಗುವ ರಕ್ತವನ್ನು ಸ್ವಲ್ಪ ಹೊತ್ತು ತಡೆದು, ಗಡ್ಡೆಯನ್ನು ಸುತ್ತಲಿನ ಒಂದಿಷ್ಟು ಒಳ್ಳೆಯ ಭಾಗದ ಸಮೇತ ತೆಗೆದು, ಉಳಿದದ್ದನ್ನು ಹೊಲಿದು, ಮತ್ತೆ ರಕ್ತ ಬಿಡಬೇಕಂತೆ. ತಡೆದದ್ದು ಹೆಚ್ಚಾದರೆ ಉಳಿದ ಕಿಡ್ನಿ ಸೊರಗುತ್ತದೆ. ತೀರಾ ಆಗದಿದ್ದರೆ ಪೂರ್ತಿ ತೆಗೆಯಬೇಕಾಗಬಹುದು, ಅದಕ್ಕೂ ಒಪ್ಪಿಗೆ ಕೊಟ್ಟಿರಬೇಕು.

"ಮಿಷಿನ್ ಕೈಗೆ ನನ್ ಮಗನ್ನ ಕೊಡಾಕಿಲ್ಲ ತಾಯಿ," ಅಂದರು ಅತ್ತೆ. "ನಮ್ ಗೌರಿಗೆ ಆಲು ಕರ್ಯಾ ಮಿಷಿನ್ ಆಕ್ಸಿ, ಕೆಚ್ಲು ಬಾತ್ಕಂಡು ಎಷ್ಟು ಒದ್ದಾಡ್ತು!"

ಗೌರಿ ಅವರ ಮನೆಯ ದೊಡ್ಡ ಹಸು. ಡಾಕ್ಟರ್ ಕೇಳಿಸಿಕೊಂಡು, "ರೋಬೋಟ್ ತಾನಾಗಿ ಏನೂ ಮಾಡಲ್ಲಮ್ಮ. ಮಾಡೋಳು ನಾನೇ. ಅದೇ ರೂಮಲ್ಲಿ, ಸ್ವಲ್ಪ ಆಚೆ ಕೂತು, ಒಳಗಡೆದೆಲ್ಲ ದೊಡ್ಡದಾಗಿ ನೋಡ್ಕೊಂಡು ಅದರ ಕೈಗಳನ್ನ ಆಡಿಸ್ತೀನಿ," ಅಂದರು.

"ಆಚೆ ಕುಂತಾ? ಮುಟ್ದೇನೇ?" ಅಂದರು ಅತ್ತೆ.

ಹೊರಗಿನಿಂದಲೇ ಕೂಗಿದೆ ತಾತಾ, ತಡೆಯಲಾಗಲಿಲ್ಲ. "ನಮ್ಮ ತಾತನೂ ಹಂಗೇ ಅತ್ತೆ! ಪಂಜರ ಮುಟ್ತಿರ್ಲಿಲ್ಲ, ನೋಡ್ತಾನೂ ಇರ್ಲಿಲ್ಲ, ಎಂಜಿನ್ ಮನೇಲಿ ಕೂತು ಎಲ್ಲರನ್ನೂ ಮೇಲೆ ತರ್ತಿದ್ರು!"

ಅತ್ತೆ ನನ್ನ ಕಡೆ ತಿರುಗಲಿಲ್ಲ. "ಯಾವತ್ತಾನ ಬೀಳ್ಸವ್ನಾ ನಿಮ್ ತಾತ?"

"ಒಂದ್ ಸಲಾನೂ ಇಲ್ಲ ಅತ್ತೆ."

"ನೀವು?" ಅಂತ ಡಾಕ್ಟರನ್ನೇ ಕೇಳಿಬಿಟ್ಟರು! ನನಗೆ ನೆಲ ಬಿರಿದು ಒಳಗೆ ಹೋದರೆ ಸಾಕು ಅನ್ನಿಸಿತು. ಡಾಕ್ಟರ್ ಬೇಜಾರು ಮಾಡಿಕೊಳ್ಳಲಿಲ್ಲ. "ಪ್ರತಿ ಸಲ ಭಯ ಇಟ್ಕೊಂಡೇ ಕೂರ್ತೀನಮ್ಮ," ಅಂದರು. ಅತ್ತೆ ಹೊರಗೆ ಬಂದವರೇ ದೂರದಿಂದ, "ಎಣ್ಮಗಳು ಸುಳ್ಳೇಳಾಕಿಲ್ಲ," ಅಂದರು. ನನಗೆ ನಿನ್ನ ಎಂಜಿನ್ ಮನೆಯ ಬಟ್ಟೆ ನೆನಪಾಯಿತು. ಅಂಗೈ ಬೆವರು ಒರೆಸಲು ಲಿವರಿನ ಪಕ್ಕ ಇಟ್ಟುಕೊಳ್ಳುತ್ತಿದ್ದೆ ಅನ್ನುತ್ತಿದ್ದೆಯಲ್ಲ, ಆ ಬಟ್ಟೆ.

ಸ್ಟ್ರೆಚರನ್ನು ಆಪರೇಷನ್ ಥಿಯೇಟರಿನ ಕಡೆ ತಳ್ಳುವಾಗ ನಾನು ಒಂದು ಬದಿ, ಅತ್ತೆ ಇನ್ನೊಂದು ಬದಿ. ಹಸಿರು ಬಟ್ಟೆಯಲ್ಲಿ ನವೀನ ಹೈಸ್ಕೂಲು ಹುಡುಗನ ಹಾಗೆ ಕಾಣುತ್ತಿದ್ದ. ಬಾಗಿಲು ತೆರೆಯಿತು. ಅವನು ಕೈ ಎತ್ತಿ ಸ್ಟ್ರೆಚರಿನ ಕಂಬಿಗೆ ಬಡಿದ. ಟಕ್ ಟಕ್ ಟಕ್. ನನ್ನನ್ನು ನಗಿಸಲು ತಾತಾ, ನಗಿಸಲೆಂದೇ. ನನಗೆ ನಗಲಾಗಲಿಲ್ಲ. ನೀನು ಎದೆನೋವೆಂದು ಹೋದ ದಿನವೂ ಇಂಥದೇ ಕಂಬಿ, ಇಂಥದೇ ಬಾಗಿಲು. ಉಸಿರಿಗೆ ಒದ್ದಾಡುತ್ತಲೇ ಉಂಗುರದ ಬೆರಳಿನಿಂದ ಮೂರು ಬಡಿದು, "ಭಯಪಡಕು ಬುಜ್ಜೀ," ಅಂದೆ. ಹೆದರಬೇಡ ಅಂದವನು ಒಳಗೆ ಹೋದೆ. ಆಮೇಲೆ? ಆಮೇಲೆ ನಾನು ಎಷ್ಟು ಹೊತ್ತು ಆ ಬಾಗಿಲನ್ನೇ ನೋಡುತ್ತ ನಿಂತಿದ್ದೆ... ಈ ಕಥೆಯನ್ನು ನವೀನನಿಗೆ ಹೇಳಿರಲಿಲ್ಲ. ಗಂಟೆಗಳ ಕಥೆ ಗೊತ್ತು, ಕೊನೆಯ ಮೂರು ಅವನಿಗೆ ಗೊತ್ತಿಲ್ಲ. ಈಗಲೂ ಗೊತ್ತಿಲ್ಲ.

ಕಾಯುವವರು ಕೂರುವ ಜಾಗದಲ್ಲಿ ಅತ್ತೆ ಆ ಕೊನೆಯ ಕುರ್ಚಿಯಲ್ಲಿ, ನಾನು ಈ ಕೊನೆಯಲ್ಲಿ. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿ ಬಿಚ್ಚಿ ಮಾಡುತ್ತಿದ್ದರು. ನಾನು ಫೋನಿನಲ್ಲಿ ಮದುವೆ ಫೋಟೋಗಳನ್ನು ತೆರೆದು, ನೋಡಲಾಗದೆ ಮುಚ್ಚುತ್ತಿದ್ದೆ. ಈಗ ರಕ್ತ ತಡೆದಿದ್ದಾರಾ? ಈಗ ಹೊಲಿಯುತ್ತಿದ್ದಾರಾ? ಅಷ್ಟರಲ್ಲಿ ಗಾಜಿನ ಬಾಗಿಲು ಸರಿಯಿತು. ಒಬ್ಬ ನರ್ಸ್ ತಲೆ ಹೊರಗೆ ಹಾಕಿ, "ನವೀನ್ ಕಡೆಯವರು! ಎಲ್ಲರೂ ಬನ್ನಿ, ಡಾಕ್ಟರ್ ಮಾತಾಡಬೇಕಂತೆ," ಅಂತ ಕರೆದರು. ಮುಗಿಯುವ ಹೊತ್ತಾಗಿರಲಿಲ್ಲ ತಾತಾ. ಮಧ್ಯದಲ್ಲಿ ಯಾಕೆ ಕರೆಯುತ್ತಾರೆ? ನಾವಿಬ್ಬರೂ ಓಡಿದೆವು. ಓಡಿ, ಬಾಗಿಲ ಮುಂದೆ ಇಬ್ಬರೂ ನಿಂತುಬಿಟ್ಟೆವು.

ಒಂದೇ ಬಾಗಿಲು. ಒಳಗೆ ಹೋಗಲು ಬೇರೆ ದಾರಿಯಿಲ್ಲ. "ನೀವು ಹೋಗಿ ಅತ್ತೆ," ಅಂದೆ. ಅತ್ತೆ ಒಂದು ಕಾಲು ಎತ್ತಿ ಮತ್ತೆ ಇಳಿಸಿದರು. "ನನ್ಗೆ ಅವ್ರ ಮಾತು ಅರ್ಥ ಆಗಾಕಿಲ್ಲ. ನೀನೇ ಓಗು." "ನೀವಿಲ್ದೆ ನಾನು ಹೋಗಲ್ಲ ಅತ್ತೆ." ನರ್ಸ್ ನಮ್ಮಿಬ್ಬರನ್ನೂ ಪಿಳಿಪಿಳಿ ನೋಡುತ್ತಿದ್ದರು. ಆಗ ಅತ್ತೆ ಬಗ್ಗಿದರು. ಬಗ್ಗಿ, ಬಾಗಿಲ ಅಡಿಯ ನೆಲವನ್ನು ಅಂಗೈಯಿಂದ ಈ ತುದಿಯಿಂದ ಆ ತುದಿಗೆ ಸವರಿದರು. ಸ್ಟ್ರೆಚರಿನ ಗಾಲಿ ಎಡವಬಾರದು ಅಂತ ಆ ನೆಲವನ್ನು ಒಂದೇ ಸಮ ಮಾಡಿದ್ದಾರೆ.

"ಒಸ್ಲೇ ಇಲ್ಲ ಕಣೇ ಇದ್ಕೆ," ಅಂದರು. ನನ್ನ ಕೈ ಹಿಡಿದು ಎಳೆದರು. ಇಬ್ಬರೂ ಒಟ್ಟಿಗೇ ಒಳಗೆ ಬಿದ್ದೆವು.

ಒಳಗೆ ನಮ್ಮ ಡಾಕ್ಟರ ಜೊತೆ ಆಪರೇಷನ್ನಿಗೆ ನಿಂತಿದ್ದ ಇನ್ನೊಬ್ಬ ಡಾಕ್ಟರ್ ಕಾಯುತ್ತಿದ್ದರು. ಗಡ್ಡೆ ಸ್ಕ್ಯಾನಿನಲ್ಲಿ ಕಂಡದ್ದಕ್ಕಿಂತ ಆಳಕ್ಕೆ ಹೋಗಿದೆ, ಮೇಡಮ್ ಉಳಿಸಲು ನೋಡುತ್ತಿದ್ದಾರೆ, ಆದರೆ ಪೂರ್ತಿ ತೆಗೆಯಬೇಕಾಗಿ ಬಂದರೂ ಬರಬಹುದು, ನಿಮಗೆ ತಿಳಿದಿರಲಿ ಅಂದರು. ನಾನು ಅತ್ತೆಗೆ ಹೇಳಿದೆ. ಅತ್ತೆ, "ಜೀವ ಮೊದ್ಲು ಅಂತ ಯೋಳು. ಆಮ್ಯಾಲೆ ಮಿಕ್ಕಿದ್ದು," ಅಂದರು. ನಾನು ಹೇಳಿದೆ. ಹೊರಗೆ ಬಂದು ಅಕ್ಕಪಕ್ಕದಲ್ಲೇ ಕೂತೆವು. ಅವರ ಸೆರಗಿನ ತುದಿ ಈಗ ನನ್ನ ಬೆರಳಿಗೆ ಸುತ್ತಿತ್ತು, ಯಾವಾಗ ಸುತ್ತಿದರೋ! ಎದುರು ಸಾಲಿನಲ್ಲಿ ಯಾರೋ ಜೋರಾಗಿ ಫೋನಿನಲ್ಲಿ ಮಾತಾಡತೊಡಗಿದರು. ನಿನ್ನ ಮೂರು ಬಡಿತದ ಲೆಕ್ಕವನ್ನೂ, ಪಂಜರ ಓಡುವಾಗ ಡ್ರೈವರನ್ನು ಯಾರೂ ಮಾತಾಡಿಸಬಾರದು ಅಂತ ನೀನು ಹೇಳುತ್ತಿದ್ದದ್ದನ್ನೂ ಅತ್ತೆಗೆ ಮೆಲ್ಲಗೆ ಹೇಳಿದೆ. ಅವರು ತಟ್ಟನೆ ಆ ಕಡೆ ತಿರುಗಿ, "ಒಸಿ ಸುಮ್ಕಿರಣ್ಣಾ, ಒಳ್ಗೆ ಕೆಲ್ಸ ನಡೀತಾ ಐತೆ!" ಅಂತ ಗದರಿದರು. ಆತ ಪಾಪ, ಫೋನು ಇಟ್ಟೇಬಿಟ್ಟ.

ಡಾಕ್ಟರ್ ಹೊರಗೆ ಬಂದಾಗ ಅವರ ಹಣೆಯ ಮೇಲೆ ಟೋಪಿಯ ಗುರುತು ಕೆಂಪಗೆ ಉಳಿದಿತ್ತು. "ಭಾಗ ಮಾತ್ರ ತೆಗೆದೆ. ಉಳಿದದ್ದು ಮತ್ತೆ ಕೆಂಪಗಾಗಿದೆ, ರಕ್ತ ಚೆನ್ನಾಗಿ ಹರೀತಿದೆ. ಲ್ಯಾಬಿಂದ ಬರಲಿ, ಆಮೇಲೆ ಪೂರ್ತಿ ಹೇಳ್ತೀನಿ," ಅಂದರು. ಅತ್ತೆ ಅವರ ಎರಡೂ ಕೈ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದರು.

ಊರಿಗೆ ವಾಪಸು ಬರುವಾಗ ಹೊಸ ಕಷ್ಟ ಶುರುವಾಯಿತು ತಾತಾ! ನಮ್ಮ ಮನೆಗೆ ಕರೆದುಕೊಂಡು ಹೋಗೋಣ ಅಂದರೆ, ಆಷಾಢದಲ್ಲಿ ಅಳಿಯ ಅತ್ತೆ ಮನೆಗೆ ಬರುವ ಹಾಗಿಲ್ಲ. ಅವರ ಮನೆಗೆ ಹೋಗೋಣ ಅಂದರೆ, ನಾನು ಹೋಗುವ ಹಾಗಿಲ್ಲ. ಕಾರಿನಲ್ಲಿ ನವೀನ ಪಕ್ಕೆಗೆ ದಿಂಬು ಒತ್ತಿಕೊಂಡು, "ನನ್ನ ರೈಲ್ವೆ ಸ್ಟೇಷನ್ನಾಗೆ ಇಳ್ಸಿ ಓಗ್ರಮ್ಮ," ಅಂದ. ನಗಿಸಬೇಡ, ಹೊಲಿಗೆ ಎಳೆಯುತ್ತದೆ ಅಂತ ಬೈದೆ. ಅತ್ತೆ ಕಾರನ್ನು ಕಾಮಸಮುದ್ರದ ಕಡೆಗೇ ಬಿಡಿಸಿದರು. ಮನೆ ಹತ್ತಿರ ಬಂದಾಗ ಡ್ರೈವರಿಗೆ, "ಇತ್ಲ ಕಡೆ ತಿರುಗ್ಸಪ್ಪಾ," ಅಂದರು. ಕಾರು ಕೊಟ್ಟಿಗೆಯ ಮುಂದೆ ನಿಂತಿತು. ಅಲ್ಲಿ ಬಾಗಿಲಿಲ್ಲ, ಅಡ್ಡ ಇಡುವ ಒಂದು ಬಿದಿರು ಗಳ ಅಷ್ಟೇ. ಹಸುಗಳು ಎಡವಬಾರದು ಅಂತ ಹೊಸಿಲೂ ಇಲ್ಲ. ಗಳ ಸರಿಸಿ ಅತ್ತೆ, "ಆಸ್ಪತ್ರೇಲೇ ನಡ್ದದ್ದು ಇಲ್ಲಿ ನಡ್ಯಾಕಿಲ್ವಾ? ಬಾರಮ್ಮ," ಅಂದರು. ಅತ್ತೆ ಆಸ್ಪತ್ರೆಯಿಂದಲೇ ಫೋನ್ ಮಾಡಿ ಹೇಳಿದ್ದರಂತೆ, ಮಾವ ಹಸುಗಳನ್ನೆಲ್ಲ ಆಚೆ ಚಪ್ಪರಕ್ಕೆ ಕಟ್ಟಿ, ಹಿಂಡಿ ಮೂಟೆ ಇಡುತ್ತಿದ್ದ ಪಕ್ಕದ ಕೋಣೆಯನ್ನು ತೊಳೆದು ಸುಣ್ಣ ಹೊಡೆದು ಮಂಚ ಹಾಕಿದ್ದರು. ಯಾವ ಹೊ‌ಸ ಹೆಂಡತಿ ಹೀಗೆ ಮನೆ ಸೇರಿದ್ದಾಳೆ? ಈಗ ನಾನು ಆ ಕೋಣೆಯ ಹೊರಗೆ, ಗೌರಿಯನ್ನು ಕಟ್ಟುತ್ತಿದ್ದ ಖಾಲಿ ಗೊಂತಿನ ಪಕ್ಕ ಕೂತು ಬರೆಯುತ್ತಿದ್ದೇನೆ. ಫೋನು ಇನ್ನೂ...

ಬಂತು ತಾತಾ. ಈಗಷ್ಟೇ ಬಂತು. ಅಕ್ಷರ ಸೊಟ್ಟಗಾದರೆ ಬೈಯಬೇಡ.

ಅದು ಕ್ಯಾನ್ಸರೇ. ಆ ಪದವನ್ನು ಡಾಕ್ಟರ್ ಮರೆಮಾಚಲಿಲ್ಲ. ಆದರೆ ಪೂರ್ತಿ ಬಂದಿದೆಯಂತೆ, ತೆಗೆದ ಭಾಗದ ಅಂಚಿನಲ್ಲಿ ಎಲ್ಲೂ ಅದರ ಸುಳಿವಿಲ್ಲವಂತೆ. ಸದ್ಯಕ್ಕೆ ಬೇರೆ ಚಿಕಿತ್ಸೆ ಬೇಡ, ಆಗಾಗ ಬಂದು ಸ್ಕ್ಯಾನ್ ಮಾಡಿಸಬೇಕು. ಅಂದರೆ ಪ್ರತಿ ಸ್ಕ್ಯಾನಿಗೂ ನನ್ನ ಎದೆ ಹೀಗೇ ಹೊಡೆದುಕೊಳ್ಳುತ್ತದೆ, ಅಲ್ಲವಾ? ಹೊಡೆದುಕೊಳ್ಳಲಿ. ನೀನೂ ದಿನಾ ಅಂಗೈ ಒರೆಸಿಕೊಂಡು ಕೂರುತ್ತಿರಲಿಲ್ಲವಾ? ಅತ್ತೆ ಹಾಲಿನ ಬಕೆಟ್ಟು ಹಿಡಿದು ಎದುರಿಗೇ ನಿಂತಿದ್ದಾರೆ. "ಬೇರ್ ಸಮೇತ ಬಂತಂತಾ?" ಅಂತ ಕೇಳಿದರು. "ಬಂತಂತೆ ಅತ್ತೆ." ಬಕೆಟ್ಟು ಕೆಳಗಿಟ್ಟು ಗೊಂತಿನ ಕಟ್ಟೆಯ ಮೇಲೆ ನನ್ನ ಪಕ್ಕದಲ್ಲೇ ಕೂತುಬಿಟ್ಟರು. ಅಳುತ್ತಿದ್ದಾರೆ, ನಾನು ನೋಡದವಳ ಹಾಗೆ ಬರೆಯುತ್ತಿದ್ದೇನೆ.

ಶ್ರಾವಣ ಬಂದ ದಿನ ಮುಂಬಾಗಿಲಿಂದ, ಅತ್ತೆಯ ಹಿಂದೆಯೇ, ಹೊಸಿಲು ದಾಟಿ ಒಳಗೆ ಹೋಗುತ್ತೇನೆ. ಆಮೇಲೆ ನವೀನನನ್ನು ಊರಿಗಾಂಗೆ ಕರೆದುಕೊಂಡು ಬಂದು ನಿನ್ನ ಕುರ್ಚಿಯಲ್ಲೇ ಕೂರಿಸುತ್ತೇನೆ. ನಿನ್ನ ಕೊನೆಯ ಮೂರು ಬಡಿತಗಳನ್ನೂ ಅಲ್ಲೇ ಹೇಳುತ್ತೇನೆ.

ಅವನು ಎದ್ದ ಹಾಗಿದೆ. ಹೊಲಿಗೆ ಎಳೆಯುತ್ತದೆ, ಒಬ್ಬನೇ ಏಳಬೇಡ, ಎದ್ದು ಕೂರಬೇಕಾದರೆ ಗೋಡೆ ತಟ್ಟು ಅಂತ ಹೇಳಿದ್ದೆ. ತಟ್ಟುತ್ತಿದ್ದಾನೆ. ಮೂರು.

ನನಗಿಂತ ಮೊದಲು ಅತ್ತೆ ಎದ್ದರು. "ಮ್ಯಾಕೆ ಬತ್ತಾವ್ನೆ," ಅಂದರು. "ಮೆತ್ಗೆ ಇಡ್ಕ ಬಾರೇ."

ನಿನ್ನ
ಬುಜ್ಜಿ